ರೇಡಿಯೋದ ಗೊರಗೊರದಿಂದ ಹುಟ್ಟಿದ ಹಾಡು



ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ನಡುಮನೆಯ ರೇಡಿಯೋ ಗೊರಗೊರ ಎನ್ನುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಚೆನ್ನಾಗಿ ಬಲ್ಲರು. ವಾರ್ತೆ ಬರುವ ಹೊತ್ತಿನಲ್ಲಿ ಚಟ್ನಿ ರುಬ್ಬಬಾರದೆಂಬುದು ಎಷ್ಟೋ ಮನೆಗಳಲ್ಲಿ ಬರೆಯದ ಕಾನೂನಾಗಿತ್ತು. ಟೆಲಿವಿಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ಈ ಪೀಡೆ ಇನ್ನೊಂದು ವೇಷದಲ್ಲಿ ಪರಿಚಿತ. ಅತಿಥಿಗಳ ಜೇಬಿನಲ್ಲಿ 2ಜಿ ಮೊಬೈಲ್ ಇದ್ದರೆ, ಕರೆ ಬರುವ ಮೊದಲೇ ಮೈಕಿನ ತಂತಿಯಲ್ಲಿ ‘ಟಿಡಿಕ್ ಟಿಡಿಕ್ ಡ್ರರ್ರ್’ ಎಂಬ ಸದ್ದು ಕೇಳಿಸುತ್ತದೆ. ಫೋನು ಸೆಕೆಂಡಿಗೆ ಸುಮಾರು 217 ಬಾರಿ ಪುಟ್ಟ ಪುಟ್ಟ ಕಂತುಗಳಲ್ಲಿ ರೇಡಿಯೋ ತರಂಗಗಳನ್ನು ಹೊರಸೂಸುವುದೇ ಇದಕ್ಕೆ ಕಾರಣ. ಸೆಕೆಂಡಿಗೆ 217 ಕಂಪನ ಎಂದರೆ, ಸಂಗೀತ ಕಲಿಯುವವರು ಲೆಕ್ಕ ಹಾಕಿ ನೋಡಿ, ಆರು ಮನೆ ಶ್ರುತಿಗೆ ತೀರ ಸಮೀಪ. ನಾವು ಶಪಿಸುವ ಕರಕರೆಗೂ ಒಂದು ಶ್ರುತಿ ಇದೆ!

ಇಂಥದೊಂದು ಕರಕರೆ ಕಿವಿಗೆ ಬಿದ್ದಾಗ ರೇಡಿಯೋ ಆರಿಸದೆ, ಅದರಿಂದಲೇ ಹಾಡು ಕಟ್ಟಿದ ಹವ್ಯಾಸಿಯೊಬ್ಬರ ವಿಷಯವನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ಸ್ಟೀವ್ ಡಾಂಪಿಯರ್. ಸ್ಥಳ ಅಮೆರಿಕದ ಕ್ಯಾಲಿಫೋರ್ನಿಯಾ. ವರ್ಷ 1975.

ಆ ವರ್ಷದ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದ ಮೇಲೆ ಒಂದು ಪೆಟ್ಟಿಗೆಯ ಚಿತ್ರ ಅಚ್ಚಾಯಿತು. ಅದೇ ಆಲ್ಟೇರ್ 8800. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದ ‘ಮಿಟ್ಸ್’ ಎಂಬ ಪುಟ್ಟ ಸಂಸ್ಥೆ ಅದನ್ನು ತಯಾರಿಸಿತ್ತು. ಬಿಡಿಭಾಗಗಳ ರೂಪದಲ್ಲಿ ಬೆಲೆ 397 ಡಾಲರ್. ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕೆಲಸ ಕೊಂಡವರದೇ. ಅಲ್ಲಿಯವರೆಗೆ ಕಂಪ್ಯೂಟರ್ ಎಂದರೆ ವಿಶ್ವವಿದ್ಯಾನಿಲಯ, ಬ್ಯಾಂಕು, ಸೈನ್ಯ ಇವುಗಳ ಸೊತ್ತು. ಗಾಜಿನ ಗೋಡೆಯಾಚೆ ತಣ್ಣನೆಯ ಕೋಣೆಯಲ್ಲಿ ಇರುವಂಥದ್ದು. ಮನೆಯ ಮೇಜಿನ ಮೇಲೆ ತನ್ನದೇ ಎಂದು ಹೇಳಿಕೊಳ್ಳಬಹುದಾದ ಕಂಪ್ಯೂಟರ್ ಒಂದನ್ನು ಇಟ್ಟುಕೊಳ್ಳುವ ಆಸೆ ಎಷ್ಟು ಜನರಿಗೆ ಇತ್ತೆಂದರೆ, ಆ ಸಂಸ್ಥೆ ಊಹಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೇಡಿಕೆಗಳು ಬಂದು ಬಿದ್ದವು.

ಆದರೆ ಆ ಪೆಟ್ಟಿಗೆಯನ್ನು ಸ್ವಲ್ಪ ನೋಡೋಣ. ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆ ಇರಲಿಲ್ಲ. ಮುದ್ರಣಯಂತ್ರವಿರಲಿಲ್ಲ, ಸ್ಪೀಕರ್ ಅಂತೂ ಇಲ್ಲವೇ ಇಲ್ಲ. ಮುಂಭಾಗದಲ್ಲಿ ಸಾಲು ಸ್ವಿಚ್ಚುಗಳು, ಅವುಗಳ ಮೇಲೆ ಸಾಲು ಕೆಂಪು ದೀಪಗಳು. ಜೊತೆಗೆ ಬರುತ್ತಿದ್ದ ಸ್ಮೃತಿಕೋಶ, ಅಂದರೆ ಮೆಮೊರಿ, ಬರೀ 256 ಬೈಟ್. ನಾನು ಈಗ ಬರೆಯುತ್ತಿರುವ ಈ ಪ್ಯಾರಾದ ಮೊದಲ ಮೂರು ನಾಲ್ಕು ವಾಕ್ಯಗಳಿಗೇ ಅದು ಭರ್ತಿಯಾಗಿಬಿಡುತ್ತದೆ. ಪ್ರೋಗ್ರಾಮ್ ಹಾಕಬೇಕಾದರೆ ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದು ಸಂಖ್ಯೆಯನ್ನು ರಚಿಸಬೇಕು, ಇನ್ನೊಂದು ಸ್ವಿಚ್ ಒತ್ತಿ ಅದನ್ನು ಒಳಗೆ ಕಳಿಸಬೇಕು. ಮತ್ತೆ ಎಂಟು ಸ್ವಿಚ್, ಮತ್ತೆ ಒಂದು ಒತ್ತು. ನೂರು ಬೈಟಿನ ಪ್ರೋಗ್ರಾಮಿಗೆ ನೂರು ಬಾರಿ ಹೀಗೆ. ನಡುವೆ ವಿದ್ಯುತ್ ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಲೆಕ್ಕದ ಉತ್ತರ ಬಂದಾಗ ಅದನ್ನು ಕೆಂಪು ದೀಪಗಳಲ್ಲಿ ಎರಡರ ಮೂಲದ ಸಂಖ್ಯೆಯಾಗಿ ಓದಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಏನು ಬಂತು? ಈ ಪ್ರಶ್ನೆಯನ್ನು ಆಲ್ಟೇರ್ ಕೊಂಡ ಪ್ರತಿಯೊಬ್ಬರೂ ಮನೆಯವರಿಂದಲೋ ಸ್ನೇಹಿತರಿಂದಲೋ ಕೇಳಿಸಿಕೊಂಡಿರಲೇಬೇಕು. ಹವ್ಯಾಸವನ್ನು ಹಚ್ಚಿಕೊಂಡವರಿಗೆಲ್ಲ ತಪ್ಪದ ಪ್ರಶ್ನೆ ಅದು. ಉತ್ತರ ಮಾತ್ರ ಯಾರಲ್ಲೂ ಇರಲಿಲ್ಲ.

ಡಾಂಪಿಯರ್ ಯಂತ್ರಕ್ಕೆ ಹಣ ಕಳಿಸಿ ಕಾದರು. ಕಾಯುವುದು ಸಾಕಾಗಿ ಸಂಸ್ಥೆಯನ್ನು ಕಣ್ಣಾರೆ ನೋಡಲು ಆಲ್ಬುಕರ್ಕಿಗೇ ಹೋಗಿಬಂದರು. 1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕ್ ಎಂಬ ಊರಿನ ಒಂದು ಗ್ಯಾರೇಜಿನಲ್ಲಿ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಮೊದಲ ಬಾರಿ ಸೇರಿದಾಗ, ತಾವು ಅಲ್ಲಿ ಕಂಡದ್ದನ್ನು ಸದಸ್ಯರಿಗೆ ವರದಿ ಮಾಡಿದವರೂ ಅವರೇ. ಮುಂದೆ ಆಪಲ್ ಕಂಪ್ಯೂಟರನ್ನು ರಚಿಸಿದ ಸ್ಟೀವ್ ವೋಜ್ನಿಯಾಕ್ ಆ ದಿನ ಅದೇ ಗ್ಯಾರೇಜಿನಲ್ಲಿದ್ದರು. ಕೊನೆಗೂ ಬಿಡಿಭಾಗಗಳು ಬಂದವು. ಡಾಂಪಿಯರ್ ಹಲವಾರು ಗಂಟೆ ಕುಳಿತು ಅವನ್ನೆಲ್ಲ ಬೆಸೆದರು.

ಯಂತ್ರ ಓಡತೊಡಗಿದ ಮೇಲೆ ಒಂದು ದಿನ ಅವರು ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಮನ್ನು ಸ್ವಿಚ್ಚುಗಳಿಂದ ತುಂಬಿಸುತ್ತಿದ್ದರು. ಪಕ್ಕದಲ್ಲಿ ಚಿಕ್ಕದೊಂದು ಟ್ರಾನ್ಸಿಸ್ಟರ್ ರೇಡಿಯೋ ಹವಾಮಾನ ವರದಿ ಓದುತ್ತಿತ್ತು. ಓಡು ಎಂದು ಸ್ವಿಚ್ ಒತ್ತಿದ ಕೂಡಲೇ ರೇಡಿಯೋ ‘ಜಿಪ್ ಜಿಪ್’ ಎಂದು ಕಿರುಚಿತು. ಪ್ರೋಗ್ರಾಮ್ ನಿಂತರೆ ಕಿರುಚಾಟವೂ ನಿಂತಿತು. ಮತ್ತೆ ಒತ್ತಿದರು, ಮತ್ತೆ ಅದೇ ಸದ್ದು. ಯಂತ್ರ ಸಂಖ್ಯೆಗಳನ್ನು ಜೋಡಿಸುವುದು ಅವರಿಗೆ ರೇಡಿಯೋದಲ್ಲಿ ಕೇಳಿಸುತ್ತಿತ್ತು! ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಉಪಕರಣ ಒಂದೂ ಇಲ್ಲವಲ್ಲ ಎಂದುಕೊಂಡಿದ್ದವರಿಗೆ, ಒಂದು ತಂತಿಯನ್ನೂ ಎಳೆಯದೆ ಮೊದಲ ಉಪಕರಣ ಸಿಕ್ಕಿತ್ತು.

ಇದು ಹೇಗೆ ಸಾಧ್ಯ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಬದಲಾಗುವ ವಿದ್ಯುತ್ ಪ್ರವಾಹವಿರುವ ಯಾವುದೇ ತಂತಿಯೂ ಅಷ್ಟಿಷ್ಟು ರೇಡಿಯೋ ತರಂಗಗಳನ್ನು ಹೊರಸೂಸುತ್ತದೆ. ಆಲ್ಟೇರ್‌ನ ಒಳಗೆ ಇಂಟೆಲ್ 8080 ಎಂಬ ಸಂಸ್ಕಾರಕ ಸೆಕೆಂಡಿಗೆ 20 ಲಕ್ಷ ಮಿಡಿತಗಳ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಮಧ್ಯಮ ತರಂಗದ ರೇಡಿಯೋ ಹಿಡಿಯುವುದು ಸೆಕೆಂಡಿಗೆ ಐದು ಲಕ್ಷದಿಂದ ಹದಿನಾರು ಲಕ್ಷ ಕಂಪನಗಳ ಆಸುಪಾಸಿನ ತರಂಗಗಳನ್ನು. ಎರಡೂ ನೆರೆಹೊರೆಯವು. ಪೆಟ್ಟಿಗೆಯ ಉದ್ದಕ್ಕೂ ಹಾಯ್ದುಹೋಗುವ ನೂರು ತಂತಿಗಳ ಸಾಲು ಆಂಟೆನಾದ ಕೆಲಸ ಮಾಡಿಬಿಡುತ್ತಿತ್ತು. ಸಂಸ್ಕಾರಕ ಒಂದೇ ಕೆಲಸವನ್ನು ಮಾಡುತ್ತಿರುವಾಗ ಆ ಸೂಸುವಿಕೆ ಒಂದು ಬಗೆ. ಕೆಲಸ ಬದಲಾದರೆ ಇನ್ನೊಂದು ಬಗೆ. ತರಂಗದ ಪ್ರಬಲತೆಯಲ್ಲಿ ಆಗುವ ಏರಿಳಿತವನ್ನು ಸದ್ದಾಗಿ ಮಾರ್ಪಡಿಸುವುದೇ ಎಎಂ ರೇಡಿಯೋದ ಕಸುಬಾದ್ದರಿಂದ ಅದು ಈ ವ್ಯತ್ಯಾಸವನ್ನು ನಿಷ್ಠೆಯಿಂದ ಕೇಳಿಸುತ್ತದೆ. ಅದಕ್ಕೆ ಆಕಾಶವಾಣಿ ಯಾವುದು, ಆಲ್ಟೇರ್ ಯಾವುದು ಎಂಬ ಭೇದವಿಲ್ಲ.

ಈಗ ಸ್ವರದ ವಿಷಯ. ಕಂಪ್ಯೂಟರಿಗೆ ಎರಡೇ ಆದೇಶ ಕೊಡೋಣ. ಮೊದಲನೆಯದು, ಈ ಎಣಿಕೆಯಿಂದ ಒಂದನ್ನು ಕಳೆ. ಎರಡನೆಯದು, ಉತ್ತರ ಸೊನ್ನೆಯಾಗಿಲ್ಲದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕಳೆ. 8080ರಲ್ಲಿ ಮೊದಲನೆಯದಕ್ಕೆ 5 ಮಿಡಿತ ಬೇಕು, ಎರಡನೆಯದಕ್ಕೆ 10. ಒಂದು ಮಿಡಿತಕ್ಕೆ ಅರ್ಧ ಮೈಕ್ರೋಸೆಕೆಂಡ್. ಹಾಗಾಗಿ ಒಂದು ಸುತ್ತಿಗೆ 7.5 ಮೈಕ್ರೋಸೆಕೆಂಡ್. ಎಣಿಕೆಯನ್ನು 180ರಿಂದ ಆರಂಭಿಸಿದರೆ ಸೊನ್ನೆ ಮುಟ್ಟಲು 1350 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಸೊನ್ನೆ ಮುಟ್ಟಿದಾಗ ಕ್ರಮ ಒಂದು ಕ್ಷಣ ಮುರಿಯುತ್ತದೆ, ರೇಡಿಯೋದಲ್ಲಿ ಒಂದು ‘ಟಕ್’. ಮತ್ತೆ 180ರಿಂದ ಆರಂಭ, ಮತ್ತೆ ಟಕ್. ಸೆಕೆಂಡಿಗೆ ಸುಮಾರು 740 ಟಕ್ಕುಗಳಾಗುತ್ತವೆ. ಅಷ್ಟು ಬೇಗ ಬರುವ ಟಕ್ಕುಗಳನ್ನು ನಮ್ಮ ಕಿವಿ ಬಿಡಿಬಿಡಿಯಾಗಿ ಕೇಳಲಾರದು. ಒಂದು ಸ್ವರವಾಗಿ ಕೇಳುತ್ತದೆ. ಎಣಿಕೆ ಚಿಕ್ಕದಾದಷ್ಟೂ ಸ್ವರ ಮೇಲೆ.

ನಮ್ಮ ಸಂಗೀತದ ಲೆಕ್ಕಕ್ಕೆ ಇದು ಎಷ್ಟು ಸೊಗಸಾಗಿ ಒಗ್ಗುತ್ತದೆ ನೋಡಿ. ಷಡ್ಜಕ್ಕೆ 180 ಇಟ್ಟುಕೊಳ್ಳಿ. ಪಂಚಮ ಷಡ್ಜದ ಒಂದೂವರೆಪಟ್ಟು. ಆದ್ದರಿಂದ ಎಣಿಕೆ 120. ಮೇಲಿನ ಷಡ್ಜಕ್ಕೆ 90. ರಿಷಭಕ್ಕೆ 160, ಗಾಂಧಾರಕ್ಕೆ 144, ಮಧ್ಯಮಕ್ಕೆ 135, ಧೈವತಕ್ಕೆ 108, ನಿಷಾದಕ್ಕೆ 96. ಶಂಕರಾಭರಣದ ಏಳೂ ಸ್ವರಗಳು, ಒಂದು ಭಿನ್ನರಾಶಿಯೂ ಉಳಿಯದೆ, ಪೂರ್ಣಾಂಕಗಳಲ್ಲಿ ಬಂದುಬಿಟ್ಟವು! ಈ ಲೆಕ್ಕ ನನ್ನದು, ಡಾಂಪಿಯರ್ ಅವರದಲ್ಲ. ಟಕ್ ಎನ್ನಿಸಲು ಹಿಡಿಯುವ ನಾಲ್ಕಾರು ಮಿಡಿತಗಳನ್ನು ಇದರಲ್ಲಿ ಬಿಟ್ಟಿದ್ದೇನೆ. ಧೈವತವನ್ನು ತುಸು ಮೇಲಕ್ಕೆ, 27ಕ್ಕೆ 16ರ ಪ್ರಮಾಣದಲ್ಲಿ ಹಿಡಿಯಬೇಕೆನ್ನುವ ಪಂಡಿತರು ಆಕ್ಷೇಪಿಸಿದರೆ ಎಣಿಕೆ 106 ಚಿಲ್ಲರೆ ಆಗುತ್ತದೆ, ಯಂತ್ರ ಕೈಚೆಲ್ಲುತ್ತದೆ. ಗಮಕವೂ ಇಲ್ಲ, ಬೇಕೆಂದರೆ ಎಣಿಕೆಯನ್ನು ಪ್ರತಿ ಸುತ್ತಿಗೂ ಬದಲಿಸಬೇಕು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಹೊಂದಿಸಿದ ನೋಟ್ಟು ಸ್ವರಗಳನ್ನು ಮಾತ್ರ ಈ ಪೆಟ್ಟಿಗೆ ಅಡ್ಡಿಯಿಲ್ಲದೆ ನುಡಿಸೀತು.

ಡಾಂಪಿಯರ್ ಅವರ ತೊಡಕು ಬೇರೆ. ಪಾಶ್ಚಾತ್ಯ ಸಂಗೀತದಲ್ಲಿ ಇಂದು ಬಳಕೆಯಲ್ಲಿರುವುದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ಪದ್ಧತಿ. ಪಕ್ಕಪಕ್ಕದ ಎರಡು ಸ್ವರಗಳ ಪ್ರಮಾಣ ಸುಮಾರು 1.0595. ಈ ಸಂಖ್ಯೆಗೆ ಪೂರ್ಣಾಂಕಗಳೊಂದಿಗೆ ಎಂದೂ ಕೂಡಿ ಬರದು; ಪ್ರತಿ ಸ್ವರವನ್ನೂ ಹತ್ತಿರದ ಎಣಿಕೆಗೆ ಒತ್ತಿ ಕೂರಿಸಬೇಕು. ಕೆಳಗಿನ ಸ್ವರಗಳಲ್ಲಿ ತಪ್ಪು ಕಾಣದು. ಮೇಲೆ ಹೋದಂತೆ ಕಷ್ಟ. ಎಣಿಕೆ 18ಕ್ಕೆ ಇಳಿದರೆ, ಅದಕ್ಕೂ 17ಕ್ಕೂ ನಡುವೆ ಪೂರ್ತಿ ಒಂದು ಸ್ವರಸ್ಥಾನದ ಅಂತರ ಬಂದುಬಿಡುತ್ತದೆ. (ಗೆಲಿಲಿಯೋನ ತಂದೆ ವಿಂಚೆನ್ಜೋ ಗೆಲಿಲಿ ವಾದ್ಯಗಾರ, ಲ್ಯೂಟ್ ವಾದ್ಯದ ಮೆಟ್ಟಿಲುಗಳನ್ನು ಕಟ್ಟಲು ಆತ ಸೂಚಿಸಿದ್ದೂ ಇದೇ 18ಕ್ಕೆ 17ರ ಪ್ರಮಾಣವನ್ನು.) ಇನ್ನೊಂದು ಕಾಟವೆಂದರೆ ತಾಳ. ಅರ್ಧ ಸೆಕೆಂಡ್ ಷಡ್ಜ ಹಿಡಿಯಲು 370 ಟಕ್ಕು ಸಾಕು, ಅಷ್ಟೇ ಹೊತ್ತು ಪಂಚಮ ಹಿಡಿಯಲು 555 ಬೇಕು. ಇದನ್ನು ಮರೆತರೆ ಮೇಲಿನ ಸ್ವರಗಳೆಲ್ಲ ಬೇಗ ಮುಗಿದು ಹಾಡು ಕುಂಟುತ್ತದೆ.

ಯಾವ ಎಣಿಕೆಗೆ ಯಾವ ಸ್ವರ ಎಂದು ಪ್ರಯೋಗ ಮಾಡಿ ಮಾಡಿ ಕಂಡುಕೊಳ್ಳಲು ಡಾಂಪಿಯರ್‌ಗೆ ಸುಮಾರು ಎಂಟು ಗಂಟೆ ಹಿಡಿಯಿತು. ಬಳಿಕ ಬೀಟಲ್ಸ್ ತಂಡದ ‘ದ ಫೂಲ್ ಆನ್ ದ ಹಿಲ್’ ಎಂಬ ಹಾಡಿನ ಸ್ವರಲಿಪಿಯನ್ನು ತೆಗೆದುಕೊಂಡು, ಒಂದೊಂದು ಸ್ವರವನ್ನೂ ಎಂಟರ ಮೂಲದ ಸಂಖ್ಯೆಯಾಗಿ ಬರೆದರು.

1975ರ ಏಪ್ರಿಲ್ 16ರ ಸಂಜೆ. ಕ್ಲಬ್ಬಿನ ಸಭೆ ಮೆನ್ಲೋ ಪಾರ್ಕಿನ ಪೆನಿನ್ಸುಲಾ ಶಾಲೆಯಲ್ಲಿ. ಡಾಂಪಿಯರ್ ಯಂತ್ರವನ್ನು ಹೊತ್ತು ತಂದರು, ಅದರ ಮೇಲೆ ರೇಡಿಯೋ ಇಟ್ಟರು. ಕೋಣೆಯ ಹೊರಗಿನಿಂದ ವಿದ್ಯುತ್ ತಂತಿ ಎಳೆದು ತರಬೇಕಾಗಿತ್ತು. ನಂತರ ಸ್ವಿಚ್ಚು, ಸ್ವಿಚ್ಚು, ಸ್ವಿಚ್ಚು. ಪ್ರೋಗ್ರಾಮ್ ತುಂಬಿಸುವುದು ಇನ್ನೇನು ಮುಗಿಯಿತು ಎನ್ನುವಾಗ ಯಾರದೋ ಕಾಲು ತಂತಿಗೆ ತೊಡರಿತು. ವಿದ್ಯುತ್ ಹೋಯಿತು, ಅಷ್ಟೂ ಅಳಿಸಿತು. ನೇರಪ್ರಸಾರದ ಕೆಲಸ ಮಾಡಿದವರಿಗೆ ಆ ಕ್ಷಣದ ಸಂಕಟ ಬೇರೆ ಹೇಳಬೇಕಾಗಿಲ್ಲ. ಅವರು ಮೊದಲಿನಿಂದ ಮತ್ತೆ ಆರಂಭಿಸಿದರು. ಎಲ್ಲ ಮುಗಿದ ಮೇಲೆ ಜನರನ್ನು ಸುಮ್ಮನಿರಿಸಿ ಕೊನೆಯ ಸ್ವಿಚ್ ಒತ್ತಿದರು.

ರೇಡಿಯೋದಿಂದ ಹಾಡು ಬಂತು. ಒಂದೇ ಎಳೆ, ಹಿಮ್ಮೇಳವಿಲ್ಲ, ಜೀರುಂಡೆಯಂಥ ಧ್ವನಿ. ಆದರೆ ಗುರುತು ಹಿಡಿಯಬಹುದಾದ ಹಾಡು. ಇಂದು ಆಲ್ಟೇರ್‌ನ ಪ್ರತಿಕೃತಿಗಳಲ್ಲಿ ಅದೇ ಹಾಡನ್ನು ನುಡಿಸಿದ ಧ್ವನಿಮುದ್ರಣಗಳು ಸಿಗುತ್ತವೆ. ಕೇಳಿದರೆ ನಿಮಗೆ ಹೆಚ್ಚೇನೂ ಅನ್ನಿಸದಿರಬಹುದು. ಆ ಕೋಣೆಯಲ್ಲಿದ್ದವರು ಮಾತ್ರ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಯಂತ್ರ ತಾನಾಗಿ ಎರಡನೆಯ ಹಾಡನ್ನು ಎತ್ತಿಕೊಂಡಿತು: ‘ಡೈಸಿ ಬೆಲ್’. 1961ರಲ್ಲಿ ಬೆಲ್ ಪ್ರಯೋಗಾಲಯದ ಐಬಿಎಂ ಕಂಪ್ಯೂಟರಿನ ಬಾಯಿಂದ ವಿಜ್ಞಾನಿಗಳು ಹಾಡಿಸಿದ ಹಾಡು ಅದು. ‘2001: ಎ ಸ್ಪೇಸ್ ಒಡಿಸ್ಸಿ’ ಎಂಬ 1968ರ ಚಲನಚಿತ್ರದಲ್ಲಿ ಹಾಲ್ ಎಂಬ ಕಂಪ್ಯೂಟರ್ ಪ್ರಜ್ಞೆ ಕಳೆದುಕೊಳ್ಳುತ್ತಾ ಹಾಡುವುದೂ ಅದನ್ನೇ. ಸಭಿಕರಿಗೆ ಈ ಸಂಬಂಧವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾದರೆ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದವರಲ್ಲಿ ಡಾಂಪಿಯರ್ ಮೊದಲಿಗರೆ? ಖಂಡಿತ ಅಲ್ಲ. 1951ರ ಹೊತ್ತಿಗಾಗಲೇ ಆಸ್ಟ್ರೇಲಿಯಾದ ಸಿಡ್ನಿಯಲ್ಲೂ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲೂ ಕೋಣೆಯಷ್ಟು ದೊಡ್ಡ ಯಂತ್ರಗಳು ತಮ್ಮ ಎಚ್ಚರಿಕೆಯ ಸ್ಪೀಕರುಗಳಲ್ಲಿ ಧಾಟಿಗಳನ್ನು ನುಡಿಸಿದ್ದವು. ರೇಡಿಯೋದ ಉಪಾಯವೂ ಹೊಸದಲ್ಲ. ಐಸ್‌ಲೆಂಡಿಗೆ 1964ರಲ್ಲಿ ಬಂದ ಐಬಿಎಂ 1401 ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಯೋಹಾನ್ ಗುನ್ನಾರ್ಸನ್ ಎಂಬ ಇಂಜಿನಿಯರ್ ಇದೇ ವಿಧಾನದಲ್ಲಿ ಅದರಿಂದ ಹಾಡು ಕೇಳಿದ್ದರು. 1971ರಲ್ಲಿ ಯಂತ್ರ ನಿವೃತ್ತವಾದಾಗ ಅದರ ದನಿಯನ್ನು ಟೇಪಿನಲ್ಲಿ ಹಿಡಿದಿಟ್ಟರು. ಅವರ ಮಗ ಯೋಹಾನ್ ಯೋಹಾನ್ಸನ್ ಖ್ಯಾತ ಚಲನಚಿತ್ರ ಸಂಗೀತ ನಿರ್ದೇಶಕರಾದರು. ತಂದೆಯ ಆ ಟೇಪುಗಳನ್ನು ಬಳಸಿ 2006ರಲ್ಲಿ ವಾದ್ಯವೃಂದದ ಒಂದು ಕೃತಿಯನ್ನೇ ಹೊರತಂದರು. ಬಿಡುವಿದ್ದಾಗ ಕೇಳಿ.

ವ್ಯತ್ಯಾಸವಿರುವುದು ಯಜಮಾನಿಕೆಯಲ್ಲಿ. ಆ ಯಂತ್ರಗಳೆಲ್ಲ ಸಂಸ್ಥೆಗಳವು. ಅವುಗಳ ಒಂದೊಂದು ಗಂಟೆಗೂ ಬೆಲೆ ಕಟ್ಟಲಾಗಿತ್ತು, ಹಾಡು ನುಡಿಸಿದರೆ ಅದು ಕೆಲಸದ ನಡುವೆ ಕದ್ದ ಹೊತ್ತು. ಡಾಂಪಿಯರ್ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಎಂಟು ಗಂಟೆಯನ್ನು ಸ್ವರ ಹುಡುಕುವುದರಲ್ಲಿ ‘ಹಾಳು’ ಮಾಡಿದರೂ ಲೆಕ್ಕ ಕೇಳುವವರಿಲ್ಲ. ಮನೆಯ ಕಂಪ್ಯೂಟರ್ ಎಂದರೆ ಏನು ಎಂಬುದನ್ನು ನನ್ನ ಮಟ್ಟಿಗೆ ಆ ಹಾಡು ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಅವರು ಆ ಪ್ರೋಗ್ರಾಮನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಅದೇ ವರ್ಷ ‘ಪೀಪಲ್ಸ್ ಕಂಪ್ಯೂಟರ್ ಕಂಪನಿ’ ಎಂಬ ಪತ್ರಿಕೆಯಲ್ಲಿ ವಿವರಗಳ ಸಮೇತ ಅಚ್ಚು ಹಾಕಿಸಿದರು. ಯಾರು ಬೇಕಾದರೂ ಸ್ವಿಚ್ ಒತ್ತಿಕೊಳ್ಳಬಹುದು. ಆದರೆ ಒಂದು ವರ್ಷ ತುಂಬುವ ಮೊದಲೇ, 1976ರ ಫೆಬ್ರವರಿಯಲ್ಲಿ, ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ತಾವು ಮತ್ತು ಗೆಳೆಯರು ಆಲ್ಟೇರ್‌ಗಾಗಿ ರಚಿಸಿದ ಬೇಸಿಕ್ ಭಾಷೆಯನ್ನು ಜನ ಹಣ ಕೊಡದೆ ನಕಲು ಮಾಡಿ ಹಂಚುತ್ತಿದ್ದಾರೆ, ಹೀಗಾದರೆ ಒಳ್ಳೆಯ ಪ್ರೋಗ್ರಾಮ್ ಬರೆಯುವವರು ಬದುಕುವುದು ಹೇಗೆ ಎಂಬುದು ಅವರ ದೂರು. ಅದು ನ್ಯಾಯವಾದ ದೂರೇ. ತಿಂಗಳುಗಟ್ಟಲೆ ದುಡಿದವರಿಗೆ ಕೂಲಿ ಸಿಗಬೇಕು. ಆದರೂ ಡಾಂಪಿಯರ್ ಕೊಟ್ಟ ಬಗೆಯ ಕೊಡುಗೆಗಳಿಲ್ಲದಿದ್ದರೆ ಆಲ್ಟೇರ್ ಮುಂದೆ ಯಾರೂ ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಬೇಸಿಕ್ ಕೊಳ್ಳುವವರೂ ಹುಟ್ಟುತ್ತಿರಲಿಲ್ಲ. ಈ ಜಗ್ಗಾಟ ಇಂದಿಗೂ ಮುಗಿದಿಲ್ಲವೆಂಬುದು ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವವರಿಗೆ ಗೊತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1977ರ ಆಪಲ್ 2 ಯಂತ್ರದೊಳಗೇ ಪುಟ್ಟ ಸ್ಪೀಕರ್ ಬಂತು. ಅದನ್ನೂ ನುಡಿಸಬೇಕಾದದ್ದು ಎಣಿಕೆಯ ಸುತ್ತುಗಳಿಂದಲೇ. 1982ರ ಕೊಮೊಡೋರ್ 64ರಲ್ಲಿ ಬಾಬ್ ಯಾನ್ಸ್ ರಚಿಸಿದ ಸಿಡ್ ಎಂಬ ಚಿಪ್ ಇತ್ತು. ಅದು ಒಟ್ಟಿಗೆ ಮೂರು ಎಳೆಗಳನ್ನು ನುಡಿಸಬಲ್ಲದು. ಆಮೇಲೆ ರೇಡಿಯೋದ ಗೊಡವೆ ಬೇಕಾಗಲಿಲ್ಲ.

ಗೊಡವೆ ಬೇಡವಾದದ್ದು ಮಾತ್ರವಲ್ಲ, ಅದು ಕಾನೂನಿಗೂ ವಿರುದ್ಧವಾಯಿತು. ಮನೆಯ ಕಂಪ್ಯೂಟರುಗಳು ಹೆಚ್ಚಿದಂತೆ ನೆರೆಮನೆಯ ಟಿವಿ, ರೇಡಿಯೋಗಳಿಗೆ ತೊಂದರೆಯಾಗತೊಡಗಿತು. ಟಿಆರ್‌ಎಸ್-80 ಎಂಬ ಜನಪ್ರಿಯ ಯಂತ್ರವಂತೂ ಎಷ್ಟು ಜೋರಾಗಿ ಸೂಸುತ್ತಿತ್ತೆಂದರೆ, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡರೆ ಆಟಗಳ ಸದ್ದು ಕೇಳಿಸುವಂತೆ ಪ್ರೋಗ್ರಾಮ್ ಬರೆಯುತ್ತಿದ್ದರು. 1979ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಇಂಥ ಸೂಸುವಿಕೆಗೆ ಮಿತಿ ಹಾಕಿತು. ಆ ಮಿತಿಯೊಳಗೆ ಬರಲಾಗದ ಟಿಆರ್‌ಎಸ್-80ರ ಮೊದಲ ಮಾದರಿಯ ತಯಾರಿಕೆ 1981ರಲ್ಲಿ ನಿಂತಿತು. ಪ್ರಸಾರ ಕ್ಷೇತ್ರದಲ್ಲಿರುವ ನಾನು ಈ ಕಾನೂನಿನ ಪರ ನಿಲ್ಲಲೇಬೇಕು. ಆದರೂ ಡಾಂಪಿಯರ್‌ನ ಹಾಡು ಅದಕ್ಕಿಂತ ನಾಲ್ಕು ವರ್ಷ ಮೊದಲೇ ಹುಟ್ಟಿತಲ್ಲ ಎಂದು ಒಳಗೊಳಗೇ ಸಂತೋಷವಾಗುತ್ತದೆ.

ಸೋರಿಕೆ ಪೂರ್ತಿ ನಿಂತಿತೆಂದು ತಿಳಿಯಬೇಡಿ. 1985ರಲ್ಲಿ ವಿಮ್ ವಾನ್ ಎಕ್ ಎಂಬ ಡಚ್ ಸಂಶೋಧಕರು, ಕಂಪ್ಯೂಟರಿನ ಪರದೆಯ ಮೇಲಿನ ಅಕ್ಷರಗಳನ್ನು ದೂರದಿಂದಲೇ ಸಾಮಾನ್ಯ ಟಿವಿಯ ನೆರವಿನಿಂದ ಓದಬಹುದೆಂದು ತೋರಿಸಿ ಬ್ಯಾಂಕುಗಳ ನಿದ್ದೆ ಕೆಡಿಸಿದರು. 2016ರಲ್ಲಿ ಪ್ರಕಟವಾದ ‘ಸಿಸ್ಟಮ್ ಬಸ್ ರೇಡಿಯೋ’ ಎಂಬ ಉಚಿತ ಪ್ರೋಗ್ರಾಮ್, ಈ ಕಾಲದ ಕೆಲವು ಲ್ಯಾಪ್‌ಟಾಪುಗಳಿಂದಲೂ ಎಎಂ ರೇಡಿಯೋದಲ್ಲಿ ಧಾಟಿ ನುಡಿಸುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಇಳಿಸಿ ಹೊಸ ಸೆಲ್ ಹಾಕಿ. ಮಧ್ಯಮ ತರಂಗದಲ್ಲಿ ಯಾವ ನಿಲಯವೂ ಸಿಗದ ಜಾಗಕ್ಕೆ ಮುಳ್ಳನ್ನು ತಿರುಗಿಸಿ. ಅದನ್ನು ಒಂದೊಂದಾಗಿ ಲ್ಯಾಪ್‌ಟಾಪಿನ ಹತ್ತಿರ, ಎಲ್‌ಇಡಿ ದೀಪದ ಹತ್ತಿರ, ಮೊಬೈಲ್ ಚಾರ್ಜರಿನ ಹತ್ತಿರ ಒಯ್ಯಿರಿ. ಯಾವುದನ್ನೂ ಬಿಚ್ಚುವುದು ಬೇಡ, ತಂತಿ ಮುಟ್ಟುವುದೂ ಬೇಡ. ಲ್ಯಾಪ್‌ಟಾಪಿನಲ್ಲಿ ಒಂದು ಕೆಲಸ ನಿಲ್ಲಿಸಿ ಇನ್ನೊಂದನ್ನು ಆರಂಭಿಸಿದಾಗ ಸದ್ದು ಬದಲಾಗುತ್ತದೆಯೇ ಎಂದು ಗಮನಿಸಿ, ಏನು ಮಾಡಿದಾಗ ಯಾವ ಸದ್ದು ಬಂತೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.